ಕಾಗೆ, ತೆಂಗಿನಕಾಯಿ ಮತ್ತು ದೇಶಕಾಲದ ನಕ್ಷೆ

ತಾಳೆಯ ಮರದ ಮೇಲೆ ಕಾಗೆಯೊಂದು ಬಂದು ಕುಳಿತಿತು; ಅದೇ ಕ್ಷಣದಲ್ಲಿ ಹಣ್ಣೊಂದು ಕೆಳಗೆ ಬಿದ್ದಿತು. ಕಾಗೆ ಕುಳಿತದ್ದರಿಂದ ಹಣ್ಣು ಬಿದ್ದಿತೆ, ಇಲ್ಲವೆ ಹಣ್ಣು ಬೀಳುವ ಹೊತ್ತಿಗೆ ಸರಿಯಾಗಿ ಕಾಗೆ ಬಂದು ಕುಳಿತಿತೆ? ನಮ್ಮ ಹಿಂದಿನವರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತಾಳೆಯ ಸ್ಥಾನದಲ್ಲಿ ತೆಂಗನ್ನು ಇಟ್ಟುಕೊಂಡರೆ ಈ ನ್ಯಾಯವನ್ನು ಪ್ರತಿ ತೋಟದಲ್ಲಿಯೂ ಕಣ್ಣಾರೆ ಕಾಣಬಹುದು. ಆದರೆ ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಬಲ್ಲುದೆ ಎಂಬ ಪ್ರಶ್ನೆ ತರ್ಕಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. ಭೌತಶಾಸ್ತ್ರವೂ ಅದಕ್ಕೊಂದು ಒರೆಗಲ್ಲನ್ನು ಒದಗಿಸಿದೆ. ಅದನ್ನು ಅರಿಯಲು ಬೇಕಾದುದು ಒಂದು ಚೌಕುಳಿ ಹಾಳೆ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ, ಇಷ್ಟೇ.

ರೈಲಿನ ನಕ್ಷೆ

ರೈಲುಗಳ ಓಡಾಟವನ್ನು ನಕ್ಷೆಯಾಗಿ ಬರೆಯುವ ಪದ್ಧತಿ ರೈಲ್ವೆ ಇಲಾಖೆಯಲ್ಲಿ ಬಹಳ ಹಿಂದಿನಿಂದ ಇದೆ. ತುಮಕೂರಿನಿಂದ ಗುಬ್ಬಿ, ಬಾಣಸಂದ್ರಗಳ ಮೂಲಕ ತಿಪಟೂರಿಗೆ ಬರುವ ರೈಲನ್ನೇ ತೆಗೆದುಕೊಳ್ಳೋಣ. ಹಾಳೆಯ ಅಡ್ಡಕ್ಕೆ ದೂರವನ್ನೂ, ಕೆಳಗಿನಿಂದ ಮೇಲಕ್ಕೆ ಕಾಲವನ್ನೂ ಗುರುತಿಸೋಣ. ರೈಲು ಓಡುವಾಗ ಅದರ ರೇಖೆ ಓರೆಯಾಗಿ ಏರುತ್ತದೆ. ನಿಲ್ದಾಣದಲ್ಲಿ ನಿಂತಾಗ ದೂರ ಬದಲಾಗುವುದಿಲ್ಲ, ಕಾಲ ಮಾತ್ರ ಸರಿಯುತ್ತದೆ; ಆದುದರಿಂದ ರೇಖೆ ನೇರವಾಗಿ ಮೇಲಕ್ಕೆ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ರೇಖೆ ಅಡ್ಡಕ್ಕೆ ಬಾಗುತ್ತದೆ. ಎದುರುಬದುರಾಗಿ ಬರುವ ಎರಡು ರೈಲುಗಳ ರೇಖೆಗಳು ಕೂಡುವ ಬಿಂದುವೇ ಅವು ಸಂಧಿಸುವ ಸ್ಥಳವನ್ನೂ ವೇಳೆಯನ್ನೂ ಒಟ್ಟಿಗೆ ತಿಳಿಸುತ್ತದೆ.

ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಅಲುಗದೆ ಕುಳಿತಿರುವ ತೆಂಗಿನಕಾಯಿಗೂ ಇಂಥದೊಂದು ರೇಖೆಯುಂಟು. ಅದು ದೇಶದಲ್ಲಿ ಚಲಿಸದಿದ್ದರೂ ಕಾಲದಲ್ಲಿ ಸಾಗುತ್ತಲೇ ಇದೆ. ಅದರ ರೇಖೆ ನೆಟ್ಟಗೆ ನಿಂತ ತೆಂಗಿನ ಮರದಂತೆ. ಇಂಥ ರೇಖೆಗೆ ವಿಶ್ವರೇಖೆ ಎಂದೂ, ನಕ್ಷೆಯ ಒಂದೊಂದು ಬಿಂದುವಿಗೂ ಘಟನೆ ಎಂದೂ ಹೆಸರು. ಐನ್‌ಸ್ಟೈನರು 1905ರಲ್ಲಿ ಪ್ರಕಟಿಸಿದ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತಕ್ಕೆ ಈ ರೇಖಾಗಣಿತದ ರೂಪವನ್ನು ಕೊಟ್ಟವರು ಅವರಿಗೆ ಹಿಂದೆ ಗಣಿತವನ್ನು ಬೋಧಿಸಿದ್ದ ಹರ್ಮನ್ ಮಿಂಕೋವ್‌ಸ್ಕಿ. ದೇಶ ಬೇರೆ, ಕಾಲ ಬೇರೆ ಎಂದು ಎಣಿಸದೆ ಎರಡನ್ನೂ ಒಂದೇ ದೇಶಕಾಲವೆಂದು ಗಣಿಸಬೇಕೆಂದು ಅವರು 1908ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಸಾರಿದರು. ಈ ಇಬ್ಬರ ಲೇಖನಗಳನ್ನು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸರು ಇಂಗ್ಲಿಷಿಗೆ ಅನುವಾದಿಸಿದರು; ಆ ಗ್ರಂಥವನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯವು 1920ರಲ್ಲಿ ಪ್ರಕಟಿಸಿತು.

ಬೆಳಕಿನ ರೇಖೆ

ರೈಲಿನ ನಕ್ಷೆಯಲ್ಲಿ ಬೆಳಕನ್ನು ತೋರಿಸಲಾಗದು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ನಿಮಿಷಗಳ ಅಳತೆಯಲ್ಲಿ ಅದರ ರೇಖೆ ಸಂಪೂರ್ಣವಾಗಿ ಅಡ್ಡಲಾಗಿಯೇ ಕಾಣುತ್ತದೆ. ಆದುದರಿಂದ ಅಳತೆಯನ್ನು ಬದಲಾಯಿಸೋಣ. ಅಡ್ಡಕ್ಕೆ 1 ಸೆಂಟಿಮೀಟರಿಗೆ 3 ಕಿಲೋಮೀಟರು, ಉದ್ದಕ್ಕೆ 1 ಸೆಂಟಿಮೀಟರಿಗೆ 10 ಮೈಕ್ರೊಸೆಕೆಂಡು ಇರಲಿ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊಸೆಕೆಂಡು. ಆಗ ಬೆಳಕಿನ ರೇಖೆ ಸರಿಯಾಗಿ 45 ಡಿಗ್ರಿ ಓರೆಯಾಗುತ್ತದೆ.

ತುರುವೇಕೆರೆಯಿಂದ ಉತ್ತರಕ್ಕೆ ಚಿಕ್ಕನಾಯಕನಹಳ್ಳಿಗೆ ನೇರವಾಗಿ ಅಳೆದರೆ ಸುಮಾರು 30 ಕಿಲೋಮೀಟರು, ಎಂದರೆ ನಮ್ಮ ಹಾಳೆಯಲ್ಲಿ 10 ಸೆಂಟಿಮೀಟರು. ತುರುವೇಕೆರೆಯ ತೋಟವೊಂದರಲ್ಲಿ ಕಾಗೆಯು ತೆಂಗಿನ ಗರಿಯ ಮೇಲೆ ಕುಳಿತ ಘಟನೆಯನ್ನು ಹಾಳೆಯ ಕೆಳ ಅಂಚಿನಲ್ಲಿ ಗುರುತಿಸಿ, ಅಲ್ಲಿಂದ ಎಡಕ್ಕೂ ಬಲಕ್ಕೂ 45 ಡಿಗ್ರಿಯ ರೇಖೆಗಳನ್ನು ಎಳೆಯಿರಿ. ಅವುಗಳ ನಡುವೆ ಮೇಲ್ಗಡೆ ಇರುವುದು ಆ ಘಟನೆಯ ಭವಿಷ್ಯ. ಅವೇ ರೇಖೆಗಳನ್ನು ಕೆಳಕ್ಕೆ ಬೆಳೆಸಿದರೆ ಅವುಗಳ ನಡುವೆ ದೊರೆಯುವುದು ಅದರ ಭೂತ. ಎರಡು ಪಕ್ಕಗಳಲ್ಲಿ ಉಳಿದ ಭಾಗ ಭವಿಷ್ಯವೂ ಅಲ್ಲ, ಭೂತವೂ ಅಲ್ಲ. ಅದನ್ನು ‘ಅನ್ಯತ್ರ’ ಎಂದು ಕರೆಯೋಣ. ನೆಲದ ಎಲ್ಲ ದಿಕ್ಕುಗಳನ್ನೂ ಸೇರಿಸಿಕೊಂಡು ಬರೆದರೆ ಈ ರೇಖೆಗಳು ಶಂಕುವಿನ ಆಕಾರವನ್ನು ತಳೆಯುವುದರಿಂದ ಇದಕ್ಕೆ ಬೆಳಕಿನ ಶಂಕು ಎಂಬ ಹೆಸರು ಬಂದಿದೆ.

ಮೊದಲು ಯಾವುದು?

ಕಾಗೆ ಕುಳಿತ 50 ಮೈಕ್ರೊಸೆಕೆಂಡುಗಳ ತರುವಾಯ ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಕಾಯಿ ಬಿದ್ದಿತೆನ್ನೋಣ. ಹಾಳೆಯಲ್ಲಿ ಅದು 10 ಸೆಂಟಿಮೀಟರು ಬಲಕ್ಕೆ, 5 ಸೆಂಟಿಮೀಟರು ಮೇಲಕ್ಕೆ ಇರುವ ಬಿಂದು, ಅದು ಅನ್ಯತ್ರದಲ್ಲಿದೆ. ಈಗ ಬೆಳಕಿನ ವೇಗದ 0.6ರಷ್ಟು ವೇಗದಿಂದ ಉತ್ತರಾಭಿಮುಖವಾಗಿ ಹಾರುವ ಗಗನನೌಕೆಯೊಂದನ್ನು ಊಹಿಸಿಕೊಳ್ಳಿ. ಕಾಗೆ ಕುಳಿತ ಕ್ಷಣದಲ್ಲಿ ಅದು ತುರುವೇಕೆರೆಯ ಮೇಲೆ ಇರಲಿ. ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ ಎಂಬ ಐನ್‌ಸ್ಟೈನರ ನಿಯಮದಿಂದ ದೊರೆಯುವ ಸೂತ್ರ ಹೀಗಿದೆ: ನೌಕೆಯವರ ಕಾಲವನ್ನು ಪಡೆಯಲು, ನಮ್ಮ ಕಾಲದಿಂದ ದೂರದ 0.6 ಪಾಲನ್ನು ಕಳೆದು, 1.25ರಿಂದ ಗುಣಿಸಬೇಕು. ಈ 1.25 ಎಂಬುದು 1ರಿಂದ 0.6ರ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, ಬಂದ 0.8ರಿಂದ 1ನ್ನು ಭಾಗಿಸಿದಾಗ ದೊರೆತ ಸಂಖ್ಯೆ.

5ರಿಂದ 6ನ್ನು ಕಳೆದು 1.25ರಿಂದ ಗುಣಿಸಿದರೆ ಬರುವುದು ಋಣ 1.25. ಎಂದರೆ ನೌಕೆಯವರ ಲೆಕ್ಕದಲ್ಲಿ ಕಾಯಿ ಬಿದ್ದುದು ಕಾಗೆ ಕುಳಿತುದಕ್ಕಿಂತ 12.5 ಮೈಕ್ರೊಸೆಕೆಂಡು ಮೊದಲು! ಇದು ಸುದ್ದಿ ತಡವಾಗಿ ತಲಪಿದ್ದರಿಂದ ಉಂಟಾದ ಭ್ರಮೆಯಲ್ಲ. ಬೆಳಕು ಬರಲು ಹಿಡಿದ ಸಮಯವನ್ನು ಕಳೆದ ಮೇಲೆಯೇ ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಕೊಟ್ಟಿದ್ದಾರೆ; ಇಬ್ಬರದೂ ಸರಿ.

ಹಾಗಾದರೆ ಎಲ್ಲವೂ ನೋಡುವವರ ಪಾಲಿಗೆ ಬಿಟ್ಟದ್ದೆ? ಅಲ್ಲ. ಇದೇ ರೀತಿ ಕಾಲದ 0.6 ಪಾಲನ್ನು ದೂರದಿಂದ ಕಳೆದು ಗುಣಿಸಿದರೆ ನೌಕೆಯವರಿಗೆ ದೊರೆಯುವ ದೂರ 8.75. ಈಗ ದೂರದ ವರ್ಗದಿಂದ ಕಾಲದ ವರ್ಗವನ್ನು ಕಳೆಯಿರಿ. ನಮ್ಮ ಲೆಕ್ಕದಲ್ಲಿ 100ರಿಂದ 25 ಕಳೆದು 75. ನೌಕೆಯವರ ಲೆಕ್ಕದಲ್ಲಿ 76.5625ರಿಂದ 1.5625 ಕಳೆದು ಅದೇ 75! ದೂರವೂ ಕಾಲವೂ ಬೇರೆ ಬೇರೆಯಾದರೂ ಈ ಅಂತರ ಎಲ್ಲರಿಗೂ ಒಂದೇ. ಮಿಂಕೋವ್‌ಸ್ಕಿಯವರ ದೇಶಕಾಲದ ಜೀವಾಳ ಇದು.

ಇನ್ನು ಕಾಯಿಯು 200 ಮೈಕ್ರೊಸೆಕೆಂಡುಗಳ ತರುವಾಯ ಬಿದ್ದಿದ್ದರೆ? ಆಗ ಬಿಂದು ಭವಿಷ್ಯದೊಳಗೆ ಬೀಳುತ್ತದೆ. 20ರಿಂದ 6ನ್ನು ಕಳೆದು 1.25ರಿಂದ ಗುಣಿಸಿದರೆ 17.5, ಪೂರ್ವಾಪರ ಬದಲಾಗಲಿಲ್ಲ. ನೌಕೆಯ ವೇಗವನ್ನು ಎಷ್ಟೇ ಹೆಚ್ಚಿಸಿದರೂ ಕಳೆಯಬೇಕಾದ ಪಾಲು ದೂರಕ್ಕಿಂತ ಕಡಿಮೆಯಾಗಿಯೇ ಇರುತ್ತದೆ, ಏಕೆಂದರೆ ನೌಕೆ ಬೆಳಕಿನ ವೇಗವನ್ನು ಮುಟ್ಟಲಾರದು. ಆದುದರಿಂದ ನಕ್ಷೆಯಲ್ಲಿ ಕಾಲದ ಅಳತೆ ದೂರದ ಅಳತೆಗಿಂತ ಕಡಿಮೆಯಿಲ್ಲದಿದ್ದರೆ ಉತ್ತರವೆಂದೂ ಋಣವಾಗದು. ಬೆಳಕಿನಿಂದಾಗಲಿ ಅದಕ್ಕಿಂತ ನಿಧಾನವಾದ ಸುದ್ದಿಯಿಂದಾಗಲಿ ಜೋಡಿಸಬಹುದಾದ ಎರಡು ಘಟನೆಗಳ ಪೂರ್ವಾಪರವನ್ನು ಎಲ್ಲ ವೀಕ್ಷಕರೂ ಒಪ್ಪುತ್ತಾರೆ. ಕಾರ್ಯಕಾರಣ ಸಂಬಂಧ ಉಳಿದಿರುವುದು ಹೀಗೆ.

ಬೆಳಕನ್ನು ಮೀರಿದರೆ

ಬೆಳಕಿಗಿಂತ ವೇಗವಾದ ಸುದ್ದಿಯೊಂದು ಇದ್ದಿದ್ದರೆ? ತುರುವೇಕೆರೆಯ ವರ್ತಕರೊಬ್ಬರು ಬೆಳಕಿನ ಇಮ್ಮಡಿ ವೇಗದ ಸಾಧನದಿಂದ ಕೊಬ್ಬರಿಯ ಧಾರಣೆಯನ್ನು ವಿಚಾರಿಸುತ್ತಾರೆನ್ನೋಣ. ಪ್ರಶ್ನೆ 50 ಮೈಕ್ರೊಸೆಕೆಂಡಿನಲ್ಲಿ ಚಿಕ್ಕನಾಯಕನಹಳ್ಳಿಯನ್ನು ತಲಪುತ್ತದೆ. ಆ ಕ್ಷಣದಲ್ಲಿ ಅಲ್ಲಿ ಹಾದುಹೋಗುವ, ಮೊದಲಿನದರಷ್ಟೇ ವೇಗದ ಇನ್ನೊಂದು ನೌಕೆಯವರು ತಮ್ಮ ಲೆಕ್ಕದಲ್ಲಿ ಕ್ಷಣವೂ ತಡವಾಗದಂತೆ ಉತ್ತರವನ್ನು ಕಳುಹಿಸಿದರೆ, ಅದು ವರ್ತಕರಿಗೆ ತಲಪುವುದು ಅವರು ಪ್ರಶ್ನೆ ಕೇಳುವ 10 ಮೈಕ್ರೊಸೆಕೆಂಡು ಮೊದಲು! ಉತ್ತರ ಕೈಸೇರಿದುದರಿಂದ ಅವರು ಪ್ರಶ್ನೆಯನ್ನೇ ಕೇಳದಿದ್ದರೆ, ಆ ಉತ್ತರ ಬಂದುದಾದರೂ ಎಲ್ಲಿಂದ? ಇಂಥ ವಿರೋಧಾಭಾಸಕ್ಕೆ ಎಡೆಗೊಡದಂತೆ ಕಾಯುತ್ತಿರುವುದು ಬೆಳಕಿನ ವೇಗದ ಮಿತಿ.

ಮಂಗಳನ ಹನ್ನೆರಡೂವರೆ ನಿಮಿಷ

ಇಷ್ಟು ಸೂಕ್ಷ್ಮ ಅವಧಿಯಿಂದ ಯಾರಿಗೆ ಏನಾಗಬೇಕು ಎಂದು ವಾಚಕರು ಕೇಳಬಹುದು. ದೂರ ಹೆಚ್ಚಿದಂತೆ ಅನ್ಯತ್ರವೂ ವಿಶಾಲವಾಗುತ್ತದೆ. ಇದನ್ನು ನಮ್ಮ ರಾಜಧಾನಿ ಬೆಂಗಳೂರು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಅನುಭವಿಸಿತು. ಇಸ್ರೋ ಸಂಸ್ಥೆಯ ಮಂಗಳಯಾನ ನೌಕೆಯು ಅಂದು ಮಂಗಳಗ್ರಹದ ಕಕ್ಷೆಯನ್ನು ಸೇರಬೇಕಾಗಿತ್ತು. ಭೂಮಿಯಿಂದ ಅದರ ದೂರ ಸುಮಾರು 22.4 ಕೋಟಿ ಕಿಲೋಮೀಟರು. ರೇಡಿಯೋ ಸಂಕೇತಕ್ಕೆ ಬೇಕಾದ ಸಮಯ ಸುಮಾರು ಹನ್ನೆರಡೂವರೆ ನಿಮಿಷ. ಬೆಳಗ್ಗೆ 7 ಗಂಟೆ 17 ನಿಮಿಷಕ್ಕೆ ನೌಕೆಯ ಮುಖ್ಯ ಎಂಜಿನು ಹೊತ್ತಿಕೊಂಡಿತು. ಆ ವಾರ್ತೆ ಭೂಮಿಗೆ ಬಂದುದು ಏಳೂವರೆಗೆ.

ನಕ್ಷೆಯನ್ನು ಬರೆದು ನೋಡಿ. 7 ಗಂಟೆ 5 ನಿಮಿಷದ ತರುವಾಯ ಭೂಮಿಯಿಂದ ಕಳುಹಿಸಿದ ಯಾವ ಆಜ್ಞೆಯೂ ಎಂಜಿನು ಹೊತ್ತುವ ಮುನ್ನ ಅಲ್ಲಿಗೆ ತಲಪಲಾರದು. ಏಳೂವರೆಗೆ ಮುನ್ನ ಅದರ ಸುದ್ದಿ ಇಲ್ಲಿಗೆ ಬರಲಾರದು. ಈ 25 ನಿಮಿಷಗಳಲ್ಲಿ ಭೂಮಿಯ ಮೇಲೆ ನಡೆದ ಯಾವ ಘಟನೆಯೂ ಆ ಹೊತ್ತಿಕೆಗೆ ಕಾರಣವೂ ಅಲ್ಲ, ಅದರ ಕಾರ್ಯವೂ ಅಲ್ಲ. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದ ವಿಜ್ಞಾನಿಗಳಿಗೆ ಆಗ ಕಾಯುವುದರ ಹೊರತು ಮಾಡಲು ಏನೂ ಇರಲಿಲ್ಲ. ಎಂಜಿನು ಮುಷ್ಕರ ಹೂಡಿದ್ದರೆ ಕೈಚಾಚಿ ಸರಿಪಡಿಸುವಂತಿರಲಿಲ್ಲ. ಇದನ್ನರಿತೇ ಅವರು ಯಾವ ಕ್ಷಣದಲ್ಲಿ ಏನು ಮಾಡಬೇಕೆಂಬ ಆಜ್ಞೆಗಳನ್ನು ದಿನಗಳ ಮುಂಚೆಯೇ ನೌಕೆಯ ಸ್ಮರಣೆಯಲ್ಲಿ ತುಂಬಿದ್ದರು. ಕಾರಣವನ್ನು ಕಾರ್ಯದ ಭೂತ ಶಂಕುವಿನೊಳಗೆ ಇಟ್ಟಿದ್ದರು ಎಂದರೆ ಸರಿಯಾದೀತು. ಸುಮಾರು ಎಂಟು ಗಂಟೆಗೆ ಜಯದ ವಾರ್ತೆ ಬಂದಾಗ ಅದು ಹನ್ನೆರಡೂವರೆ ನಿಮಿಷ ಹಳೆಯದಾಗಿತ್ತು.

ಕೊನೆಗೆ ನಮ್ಮ ಕಾಗೆಯ ವಿಷಯ. ಭವಿಷ್ಯ ಶಂಕುವಿನೊಳಗೆ ಬಿದ್ದ ಕಾಯಿಗೆಲ್ಲ ಕಾಗೆಯೇ ಕಾರಣವೆಂದು ನಕ್ಷೆ ಹೇಳುವುದಿಲ್ಲ. ಕಾರಣವಾಗಿರಬಹುದು ಎಂದಷ್ಟೇ ಹೇಳುತ್ತದೆ. ಅಲ್ಲಿ ವಿಚಾರಣೆ ಇನ್ನೂ ನಡೆಯಬೇಕು. ಆದರೆ ಅನ್ಯತ್ರದಲ್ಲಿ ಬಿದ್ದ ಕಾಯಿಯ ಅಪವಾದವನ್ನು ಕಾಗೆಯ ಮೇಲೆ ಹೊರಿಸಲು ಸಾಧ್ಯವೇ ಇಲ್ಲ. ಅದು ನಿರಪರಾಧಿಯೆಂದು ಸಾಕ್ಷಿ ನುಡಿಯಲು 45 ಡಿಗ್ರಿಯ ಒಂದು ಗೆರೆ ಸಾಕು.