ಟೊಳ್ಳು ಗೋಡೆಗೆ ಗಟ್ಟಿ ಹಿಡಿತ

ಶಾಲೆ ಆರಂಭವಾಯಿತೆಂದರೆ ಮನೆಯಲ್ಲಿ ಪುಸ್ತಕಗಳ ರಾಶಿ ಬೆಳೆಯುತ್ತದೆ. ಮಕ್ಕಳು ಓದುವ ಮೂಲೆಯಲ್ಲಿ ಗೋಡೆಗೊಂದು ಶೆಲ್ಫ್ ಹಾಕಿಸೋಣವೆಂದು ತಂದೆ ತಾಯಿಗೆ ಅನಿಸುವುದು ಸಹಜ. ಆದರೆ ಕೆಲವೇ ತಿಂಗಳಲ್ಲಿ ಸ್ಕ್ರೂ ಸಡಿಲವಾಗಿ ಶೆಲ್ಫ್ ಮುಂದಕ್ಕೆ ವಾಲುವುದುಂಟು. ಅದರ ಕೆಳಗೆ ಕೂರುವುದು ಮಗು ಎಂಬುದನ್ನು ಮರೆಯುವಂತಿಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಬೆಂಗಳೂರಿನ ಹೆಗ್ಗನಹಳ್ಳಿಯಂಥ ಬಡಾವಣೆಯಲ್ಲಿ ಗೋಡೆಗಳೆಲ್ಲ ಹೊರಗಿನಿಂದ ಒಂದೇ ತರಹ: ಸಿಮೆಂಟ್ ಗಾರೆ, ಮೇಲೆ ಬಣ್ಣ. ಒಳಗೆ ಸುಟ್ಟ ಇಟ್ಟಿಗೆ ಇರಬಹುದು, ಗಟ್ಟಿ ಸಿಮೆಂಟ್ ಬ್ಲಾಕ್ ಇರಬಹುದು, ನಡುವೆ ಟೊಳ್ಳಿರುವ ಹಾಲೋ ಬ್ಲಾಕ್ ಇರಬಹುದು. ಅಂಗಡಿ, ಆಫೀಸುಗಳ ಅಡ್ಡಗೋಡೆಯಾದರೆ ಜಿಪ್ಸಂ ಬೋರ್ಡ್ ಕೂಡ ಆಗಿರಬಹುದು.

ಗೋಡೆಯಲ್ಲಿ ಸ್ಕ್ರೂ ನಿಲ್ಲುವುದು ಹೇಗೆ? ಘರ್ಷಣೆಯಿಂದ. ಸ್ಕ್ರೂ ತಿರುಗಿಸಿದಂತೆ ಪ್ಲಗ್ ಹಿಗ್ಗಿ ರಂಧ್ರದ ಬದಿಗಳನ್ನು ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಮೊದಲು ಇದಕ್ಕೆ ಮರದ ಬೆಣೆ ಹೊಡೆಯುತ್ತಿದ್ದರು. 1910ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರಿನ ಪ್ಲಗ್ ರೂಪಿಸಿದರು. 'ರಾಲ್ ಪ್ಲಗ್' ಎಂಬ ಹೆಸರು ಬಂದದ್ದು ಅವರಿಂದ. 1958ರಲ್ಲಿ ಜರ್ಮನಿಯ ಆರ್ಟರ್ ಫಿಷರ್ ನೈಲಾನ್ ಪ್ಲಗ್ ತಯಾರಿಸಿದರು.

ಟೊಳ್ಳಿನಲ್ಲಿ ಒತ್ತಲು ಬದಿಯೇ ಇಲ್ಲ. ಹಾಲೋ ಬ್ಲಾಕಿನ ಮುಂಗೋಡೆಯ ದಪ್ಪ ಸುಮಾರು ಒಂದು, ಒಂದೂವರೆ ಅಂಗುಲವಷ್ಟೇ. ಸಾಮಾನ್ಯ ಪ್ಲಗ್ ಅದನ್ನು ದಾಟಿದರೆ ತುದಿ ಗಾಳಿಯಲ್ಲಿ ತೂಗುತ್ತದೆ. ಜಿಪ್ಸಂ ಬೋರ್ಡ್ ಸುಮಾರು 12 ಮಿಲಿಮೀಟರ್ ಮಾತ್ರ. ಬಿಗಿಯಾಗಿ ಒತ್ತಿದರೆ ಪುಡಿಯಾಗುತ್ತದೆ.

ಒಳಗೇನಿದೆ ಎಂದು ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಕೆಂಪಾದರೆ ಇಟ್ಟಿಗೆ, ಬೂದು ಬಣ್ಣವಾದರೆ ಸಿಮೆಂಟ್ ಬ್ಲಾಕ್, ಮೊದಲಿನಿಂದಲೂ ನುಣುಪಾದ ಬಿಳಿ ಪುಡಿಯಾದರೆ ಜಿಪ್ಸಂ. ಸ್ವಲ್ಪ ದೂರ ಹೋಗಿ ಬಿಟ್ ತಟ್ಟನೆ ಒಳಕ್ಕೆ ಜಾರಿದರೆ ಅಲ್ಲಿ ಟೊಳ್ಳಿದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮಾತ್ರ ಕೊರೆಯಬಾರದು. ಒಳಗೆ ತಂತಿ ಇರುತ್ತದೆ.

ಹಾಲೋ ಬ್ಲಾಕಿಗೆ, ಒಳಗೆ ಹೋಗಿ ಗಂಟಾಗುವ ಪ್ಲಗ್ ಅಥವಾ ರೆಕ್ಕೆ ಬಿಚ್ಚಿ ಹಿಂಬದಿಯನ್ನು ಹಿಡಿಯುವ ಟಾಗಲ್ ಬೋಲ್ಟ್ ಸೂಕ್ತ. ಕೊರೆಯುವಾಗ ಡ್ರಿಲ್ಲಿನ ಸುತ್ತಿಗೆ ಏಟನ್ನು ನಿಲ್ಲಿಸಿಕೊಂಡರೆ ಬ್ಲಾಕ್ ಒಡೆಯುವುದಿಲ್ಲ. ಹೆಚ್ಚು ಭಾರವಿದ್ದರೆ ಆ ಜಾಗದ ಟೊಳ್ಳಿಗೆ ಕಾಂಕ್ರೀಟ್ ತುಂಬಿಸಿ, ಅದು ಚೆನ್ನಾಗಿ ಗಟ್ಟಿಯಾದ ಮೇಲೆ ಸ್ಕ್ರೂ ಹಾಕಬೇಕು. ಜಿಪ್ಸಂ ಗೋಡೆಯಲ್ಲಿ ಕ್ಯಾಲೆಂಡರ್, ಗಡಿಯಾರಕ್ಕೆ ಚಿಕ್ಕ ಪ್ಲಗ್ ಸಾಕು. ಶೆಲ್ಫಿನ ಸ್ಕ್ರೂ ಒಳಗಿನ ಲೋಹದ ಚೌಕಟ್ಟಿಗೇ ಕೂರಬೇಕು. ಬೋರ್ಡಿನ ಸ್ಕ್ರೂಗಳ ಮೇಲೆ ಆಯಸ್ಕಾಂತ ಸರಿಸಿದರೆ ಚೌಕಟ್ಟು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಇನ್ನು ಸನ್ನೆಯ ನಿಯಮ. 30 ಸೆಂಟಿಮೀಟರ್ ಅಗಲದ ಶೆಲ್ಫಿನಲ್ಲಿ 12 ಕಿಲೋ ಪುಸ್ತಕವಿದೆ ಎನ್ನೋಣ. ಆ ಭಾರ ಗೋಡೆಯಿಂದ 15 ಸೆಂಟಿಮೀಟರ್ ದೂರದಲ್ಲಿದ್ದಂತೆ. 12ನ್ನು 15ರಿಂದ ಗುಣಿಸಿದರೆ 180. ಬ್ರಾಕೆಟ್ಟಿನ ಕೆಳ ಅಂಚಿನಿಂದ ಮೇಲಿನ ಸ್ಕ್ರೂಗಳು 10 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅವುಗಳ ಮೇಲಿನ ಒಟ್ಟು ಎಳೆತ 18 ಕಿಲೋ. ಅದೇ 30 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬರೀ 6 ಕಿಲೋ! ಉದ್ದ ಬ್ರಾಕೆಟ್ಟಿಗೆ ಕೊಡುವ ನಾಲ್ಕು ಕಾಸು ವ್ಯರ್ಥವಲ್ಲ.

ಹತ್ತನೆಯ ತರಗತಿಯ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಬಲ್ಲ. ಅಪ್ಪ ಡ್ರಿಲ್ ಹಿಡಿಯುವ ಮೊದಲು ಮಗನೋ ಮಗಳೋ ಕಾಗದ, ಪೆನ್ಸಿಲ್ ಹಿಡಿಯಲಿ. ಗೋಡೆಯ ಮೇಲೆ ಸಂಶಯವಿದ್ದರೆ ನೆಲದ ಮೇಲೆ ನಿಲ್ಲುವ ಕಪಾಟೇ ಕ್ಷೇಮ.