ಕ್ರಮವಿಧಿಯಲ್ಲಿ ಹೆಸರಿಡುವ ವಿಚಾರ

ಐಹೊಳೆಯ ಶಾಸನವನ್ನು ರಚಿಸಿದ ರವಿಕೀರ್ತಿಯು ಕಾಲವನ್ನು ನಿರ್ದೇಶಿಸುವಾಗ ಬರಿಯ ಸಂಖ್ಯೆಯೊಂದನ್ನು ಕೊಟ್ಟು ಸುಮ್ಮನಾಗಲಿಲ್ಲ. ಭಾರತಯುದ್ಧದಿಂದ 3735 ವರ್ಷಗಳೂ ಶಕಕಾಲದಲ್ಲಿ 556 ವರ್ಷಗಳೂ ಕಳೆದಿದ್ದುವೆಂದು ಸ್ಪಷ್ಟವಾಗಿ ಹೇಳಿದನು. ಸಂಖ್ಯೆಯೊಡನೆ ಅದರ ಹೆಸರೂ ಇದ್ದುದರಿಂದಲೇ ಆ ಶಾಸನವು ಕ್ರಿ. ಶ. 634-35ಕ್ಕೆ ಸೇರಿದುದೆಂದು ನಾವಿಂದು ನಿಸ್ಸಂದೇಹವಾಗಿ ಹೇಳಬಲ್ಲೆವು.

ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆಯುವವರಿಗೂ ಈ ಎಚ್ಚರ ಅವಶ್ಯಕ. ಅಲ್ಲಿ ಪ್ರತಿಯೊಂದು ಬೆಲೆಯನ್ನೂ ಒಂದು ಹೆಸರಿನಿಂದ ಗುರುತಿಸಬೇಕಾಗುತ್ತದೆ. ಆ ಹೆಸರು ‘ವೈ’ ಎಂದಿದ್ದರೂ ‘ಗತಶಕವರ್ಷ’ ಎಂದಿದ್ದರೂ ಯಂತ್ರಕ್ಕೆ ಒಂದೇ. ಅರ್ಥ ಬೇಕಾದುದು ಮುಂದೆ ಅದನ್ನು ಓದಿ ತಿದ್ದಬೇಕಾದ ಮನುಷ್ಯನಿಗೆ.

ಶಾಸನಗಳ ಕಾಲಸೂಚಿಯೊಂದನ್ನು ಸಿದ್ಧಪಡಿಸುವಾಗ ನಾವೇ ಈ ವಿಷಯದಲ್ಲಿ ಎಡವಿದೆವು. ಶಕವರ್ಷಕ್ಕೆ ‘ವೈ’ ಎಂದು ಹೆಸರಿಟ್ಟು, 78ನ್ನು ಕೂಡಿ, ಬಂದ ಫಲವನ್ನೂ ‘ವೈ’ ಎಂದೇ ಕರೆದಿದ್ದೆವು. ಕೆಲವು ತಿಂಗಳ ಮೇಲೆ ಮುಂದಿನ ಭಾಗವನ್ನು ಬರೆಯುವಾಗ ಅದು ಇನ್ನೂ ಶಕವರ್ಷವೆಂದೇ ಭಾವಿಸಿ ಮತ್ತೊಮ್ಮೆ 78ನ್ನು ಕೂಡಿದೆವು. ಐಹೊಳೆಯ ಶಾಸನ 712ಕ್ಕೆ ಜಾರಿತು. ಸುಮಾರು 642ರಲ್ಲಿ ಮಡಿದ ಇಮ್ಮಡಿ ಪುಲಕೇಶಿಯು ಆಗಲೂ ಆಳುತ್ತಿದ್ದಂತಾಯಿತು! ಇದು ಕಣ್ಣಿಗೆ ಬಿದ್ದುದು ನಮ್ಮ ಪುಣ್ಯ. ಅರಸರ ಹೆಸರಿಲ್ಲದ ವೀರಗಲ್ಲುಗಳ ವರ್ಷಗಳಲ್ಲಿಯೂ ಇದೇ ತಪ್ಪು ಸೇರಿತ್ತು. ಪಟ್ಟಿಯಲ್ಲಿ ಅವು ಮಾತ್ರವೇ ಇದ್ದಿದ್ದರೆ ಯಾರ ಗಮನಕ್ಕೂ ಬಾರದೆ ಅಚ್ಚಾಗಿಬಿಡುತ್ತಿದ್ದುವು.

‘ಗತಶಕವರ್ಷ’, ‘ಕ್ರಿಸ್ತವರ್ಷ’ ಎಂದು ಎರಡು ಹೆಸರುಗಳಿದ್ದಿದ್ದರೆ ಆ ಎರಡನೆಯ ಸಂಕಲನವನ್ನು ಬರೆಯಲು ಕೈಯೇ ಏಳುತ್ತಿರಲಿಲ್ಲ. ‘ಗತ’ ಎಂಬ ಎರಡಕ್ಷರವೂ ಅಲಂಕಾರವಲ್ಲ. ಶಾಸನವು ಹೇಳುವುದು ಕಳೆದ ವರ್ಷವನ್ನಲ್ಲ, ನಡೆಯುತ್ತಿರುವ ವರ್ಷವನ್ನು ಎಂದಾದರೆ ಒಂದು ಕಡಮೆ ಕೂಡಬೇಕು. ಮೊದಲಿನಲ್ಲಿಯೇ ವಿವರಣೆಯೊಂದನ್ನು ಬರೆದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ವಿವರಣೆ ಇರುವುದು ಒಂದೆಡೆ. ಹೆಸರಾದರೋ ಪ್ರತಿ ಸಾಲಿನಲ್ಲಿಯೂ ಜೊತೆಗೆ ಬರುತ್ತದೆ.

ಹೆಸರುಗಳನ್ನು ಮೊಟಕುಗೊಳಿಸುವ ರೂಢಿಗೆ ಹಿಂದೆ ಕಾರಣವಿದ್ದಿತು. 1957ರ ಫೋರ್ಟ್ರಾನ್ ಭಾಷೆಯಲ್ಲಿ ಹೆಸರು ಆರು ಅಕ್ಷರಗಳನ್ನು ಮೀರುವಂತಿರಲಿಲ್ಲ. ಸ್ವಲ್ಪ ಕಾಲದಲ್ಲೇ ಬಂದ ಕೋಬಾಲ್ ಮೂವತ್ತಕ್ಕೆ ಅವಕಾಶವಿತ್ತಿತು. 2008ರಲ್ಲಿ ಹೊರಬಂದ ಪೈಥಾನ್ 3ರಲ್ಲಿ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ನಮ್ಮ ಕ್ರಮವಿಧಿಯನ್ನು ಹಾಗೆಯೇ ತಿದ್ದಿದ್ದೇವೆ. ಶಾಸನಗಳನ್ನು ಒಂದೊಂದಾಗಿ ಎಣಿಸುವ ಎರಡು ಸಾಲುಗಳಲ್ಲಿ ಮಾತ್ರ ‘ಐ’ ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದೇವೆ.