ಮೊಟ್ಟೆ ಎಣಿಸುವ ಹಕ್ಕಿ

ಉತ್ತರ ಅಮೆರಿಕದ ಜೌಗುಗಳಲ್ಲಿ, ಉದ್ಯಾನದ ಕೊಳಗಳಲ್ಲಿ ಗುಂಪುಗುಂಪಾಗಿ ಕಾಣಸಿಗುವ ಹಕ್ಕಿ ಅಮೆರಿಕನ್ ಕೂಟ್. ಬೂದುಗಪ್ಪು ಮೈ, ಬಿಳಿ ಕೊಕ್ಕು, ಕೆಂಪು ಕಣ್ಣು. ನಮ್ಮ ಕೆರೆಗಳ ನಾಮದ ಕೋಳಿಗೆ ಹತ್ತಿರದ ನೆಂಟ. ಬಾತುಗಳ ಜೊತೆಗೇ ಈಜುತ್ತಿದ್ದರೂ ಅದು ಬಾತಲ್ಲ, ಅದಕ್ಕೆ ಜಾಲಪಾದವೂ ಇಲ್ಲ. ಒಂದೊಂದು ಬೆರಳಿಗೂ ಬಿಡಿಬಿಡಿಯಾಗಿ ಚರ್ಮದ ಹಾಲೆಗಳಿವೆ. ಕಾಲನ್ನು ಹಿಂದಕ್ಕೆ ಒದ್ದಾಗ ಅವು ಅರಳಿ ನೀರನ್ನು ತಳ್ಳುತ್ತವೆ; ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತವೆ.

ಎಲ್ಲೆಲ್ಲೂ ಇರುವುದರಿಂದಲೋ ಏನೋ, ಇದನ್ನು ನಿಂತು ನೋಡುವವರು ಕಡಿಮೆ. ಅದರ ಸಂಸಾರವನ್ನಂತೂ ನೋಡಲೇಬೇಕು.

ಜೊಂಡಿಗೆ ಸಿಕ್ಕಿಸಿ ಕಟ್ಟಿದ ತೇಲುಗೂಡಿನಲ್ಲಿ ಹೆಣ್ಣು ದಿನಕ್ಕೊಂದರಂತೆ ಎಂಟು ಹತ್ತು ಮೊಟ್ಟೆ ಇಡುತ್ತದೆ. ಕಾಟವೆಲ್ಲ ನೆರೆಯ ಕೂಟ್‌ಗಳದ್ದೇ. ಕೋಗಿಲೆ ಕಾಗೆಯ ಗೂಡಿನಲ್ಲಿ ಇಡುವಂತೆ ಇವು ತಮ್ಮ ಜಾತಿಯ ಹಕ್ಕಿಯ ಗೂಡಿನಲ್ಲೇ ಕದ್ದು ಮೊಟ್ಟೆ ಇಟ್ಟು ಹೋಗುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇದನ್ನು ಹಲವು ವರ್ಷ ಅಧ್ಯಯನ ಮಾಡಿದ ಬ್ರೂಸ್ ಲಯನ್, 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆರಗಿನ ಸಂಗತಿಯೊಂದನ್ನು ಪ್ರಕಟಿಸಿದರು. ಪ್ರತಿ ಹೆಣ್ಣಿನ ಮೊಟ್ಟೆಯ ಬಣ್ಣ, ಚುಕ್ಕೆಗಳಲ್ಲಿ ತುಸು ವ್ಯತ್ಯಾಸವಿರುತ್ತದೆ. ಕೆಲವು ತಾಯಿಹಕ್ಕಿಗಳು ಅದರಿಂದಲೇ ಪರರ ಮೊಟ್ಟೆಯನ್ನು ಗುರುತಿಸಿ, ಗೂಡಿನ ಕಸಕಡ್ಡಿಯ ಅಡಿಗೆ ಹೂತುಬಿಡುತ್ತವೆ ಅಥವಾ ಅಂಚಿಗೆ ಸರಿಸುತ್ತವೆ. ಈ ಕೆಲಸಕ್ಕೆ ದಿನಗಳೇ ಹಿಡಿಯಬಹುದು. ಆದರೂ ಆ ತಾಯಿ ತನ್ನವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಇಡಬೇಕಾದಷ್ಟನ್ನು ಇಟ್ಟೇ ನಿಲ್ಲಿಸುತ್ತದೆ. ಗುರುತಿಸಲಾಗದ ತಾಯಿಯೋ, ಸೇರಿದ ಪ್ರತಿಯೊಂದು ಪರಕೀಯ ಮೊಟ್ಟೆಗೂ ತನ್ನದೊಂದನ್ನು ಕಡಿಮೆ ಇಡುತ್ತದೆ. ಕಾಡಿನಲ್ಲಿ ಪ್ರಾಣಿಯೊಂದು ತನ್ನ ಬದುಕಿಗಾಗಿಯೇ ಎಣಿಸುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಅಪರೂಪ.

ಮರಿಗಳ ಕಥೆ ಇನ್ನೂ ಕಠೋರ. ಮಂಕು ಬಣ್ಣದ ಈ ಹಕ್ಕಿಯ ಮರಿಗಳಿಗೆ ಬೋಳು ಕೆಂಪು ತಲೆ, ಕತ್ತಿನ ಸುತ್ತ ಕಿತ್ತಳೆ ತುದಿಯ ಪುಕ್ಕ. ಬೇಟೆಗಾರರ ಕಣ್ಣಿಗೆ ಬೀಳುವಂಥ ಈ ಬೆಡಗೇಕೆ? 1994ರಲ್ಲಿ ಲಯನ್ ಮತ್ತು ಸಂಗಡಿಗರು ಒಂದೇ ಗೂಡಿನ ಅರ್ಧದಷ್ಟು ಮರಿಗಳ ಕಿತ್ತಳೆ ತುದಿಗಳನ್ನು ಕತ್ತರಿಸಿ ನೋಡಿದ್ದರು. ತಂದೆತಾಯಿ ಬಣ್ಣವಿದ್ದ ಮರಿಗಳಿಗೇ ಹೆಚ್ಚು ಉಣಿಸಿದವು. ಕಪ್ಪಾದವು ಹಿಂದೆ ಬಿದ್ದವು. ಎಲ್ಲ ಮರಿಗಳನ್ನೂ ಕಪ್ಪಾಗಿಸಿದ ಗೂಡುಗಳಲ್ಲಿ ಮಾತ್ರ ಅವು ಚೆನ್ನಾಗಿಯೇ ಬೆಳೆದವು.

ಮೇವು ಸಾಲದೆ ಪ್ರತಿ ಗೂಡಿನ ಮರಿಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ. ಕೊನೆಗೆ ಇಟ್ಟ ಮೊಟ್ಟೆಯ ಮರಿಗಳೇ ಹೆಚ್ಚು ಕೆಂಪಾಗಿರುತ್ತವೆ ಎಂದು 2020ರಲ್ಲಿ ಲಯನ್ ಮತ್ತು ದಾಯ್ ಶಿಝುಕಾ ತೋರಿಸಿದರು. ತುತ್ತಿಗೆ ಮುನ್ನುಗ್ಗುವ ದೊಡ್ಡ ಮರಿಗಳ ತಲೆ ಹಿಡಿದು ಅಲುಗಾಡಿಸಿ ಓಡಿಸುವ ತಂದೆತಾಯಿ, ಬದುಕುಳಿದ ಕಿರಿಯವುಗಳಲ್ಲಿ ಒಂದೊಂದನ್ನು ಆರಿಸಿಕೊಂಡು ಬಾಯಿಗಿಟ್ಟು ಸಾಕುತ್ತವೆ.